ಮುಖ ಬಂತು, ಮಾತು ಎಲ್ಲಿ?

'ಮಕ್ಕಳ ಪುಸ್ತಕಕ್ಕೆ ಜಾತಿ ತರಬೇಡ್ರಿ' ಅಂತಾರೆ ಬಲ್ಲವರು. ತಂದವರು ನಾವಲ್ಲ ಸ್ವಾಮಿ. ನಾನು ಓದಿದ ಮೊದಲ ಪುಸ್ತಕದಲ್ಲಿ ತುಳಸಿಕಟ್ಟೆಯಿತ್ತು. ನಮ್ಮ ಕೇರಿ ಇರಲಿಲ್ಲ, ನಮ್ಮವ್ವ ಇರಲಿಲ್ಲ.

ಅಮೆರಿಕದ ಕಪ್ಪು ಮಕ್ಕಳಿಗೂ ಇದೇ ಗತಿಯಾಗಿತ್ತು. 1962ರಿಂದ 1964ರವರೆಗೆ 63 ಪ್ರಕಾಶಕರು ತಂದ 5,206 ಮಕ್ಕಳ ಪುಸ್ತಕಗಳ ಲೆಕ್ಕವನ್ನು ನ್ಯಾನ್ಸಿ ಲ್ಯಾರಿಕ್ 1965ರಲ್ಲಿ ಬಯಲಿಗಿಟ್ಟರು. ಕಪ್ಪು ಜನ ಎಲ್ಲೋ ಒಂದು ಮೂಲೆಯಲ್ಲಾದರೂ ಕಂಡದ್ದು 349ರಲ್ಲಿ!

ಎಜ್ರಾ ಜಾಕ್ ಕೀಟ್ಸ್ 1962ರಲ್ಲಿ ತಾವೇ ಬರೆದು ಚಿತ್ರಿಸಿದ 'ದಿ ಸ್ನೋಯಿ ಡೇ'ಯಲ್ಲಿ ಪೀಟರ್ ಎಂಬ ಕಪ್ಪು ಹುಡುಗ ಹಿಮದಲ್ಲಿ ಆಡಿದ. ಬರೀ ಆಡಿದ. ಯಾರ ಕರುಣೆಯನ್ನೂ ಬೇಡಲಿಲ್ಲ. ಅದು ದೊಡ್ಡದೇ. ಆದರೆ ಕೀಟ್ಸ್ ಬಡ ಯಹೂದಿ ವಲಸಿಗರ ಮಗ, ಮುಖ ಕೊಟ್ಟರು. ಮಾತು ಕೊಡಲು ಆ ಬೀದಿಯ ಹುಡುಗನೇ ಬರಬೇಕಾಯಿತು. 1969ರಲ್ಲಿ ಬ್ರೂಕ್ಲಿನ್ನಿನ ಜಾನ್ ಸ್ಟೆಪ್ಟೋ, ಇನ್ನೂ ಇಪ್ಪತ್ತು ತುಂಬದ ಕಪ್ಪು ಹುಡುಗ, 'ಸ್ಟೀವಿ' ತಂದ. ಕತೆ ಅವನದೇ, ಚಿತ್ರ ಅವನದೇ. ಅದರಲ್ಲಿ ರಾಬರ್ಟ್ ತನ್ನ ಬೀದಿಯ ಇಂಗ್ಲಿಷಿನಲ್ಲೇ ಕತೆ ಹೇಳ್ತಾನೆ. ವ್ಯಾಕರಣದ ಅಪ್ಪಣೆ ಕೇಳಲಿಲ್ಲ.

ನಮ್ಮಲ್ಲಿ? ಕೇರಿಯ ಹುಡುಗ 'ಆಲು' ಅಂದರೆ ತರಗತಿ ನಗುತ್ತೆ. ಮೇಷ್ಟ್ರು 'ಹಾಲು' ಅಂತ ತಿದ್ತಾರೆ. ಆ ಹಾಲು ಅವನ ಮನೆಗೆ ಬಂತೋ ಇಲ್ಲವೋ ಯಾರೂ ಕೇಳಲ್ಲ.

ಹಳ್ಳಿಯ ಮೇಷ್ಟ್ರುಗಳೇ, 'ಹಾಲು' ಕಲಿಸಿ, ಬೇಡ ಅನ್ನಲ್ಲ. ಆದರೆ 'ಆಲು' ಅಂದವನ ಕೈಗೆ ಮೊದಲು ಹಾಳೆ ಕೊಡಿ, ಬಣ್ಣ ಕೊಡಿ. ಅವನವ್ವನ ಚಿತ್ರವನ್ನು ಅವನೇ ಬರೆಯಲಿ. ಕೆಳಗೆ ಅವಳಾಡಿದ ಮಾತನ್ನೂ. ಅವತ್ತೊಂದಿನ ನಿಮ್ಮ ಕೆಂಪು ಪೆನ್ನು ಜೇಬಲ್ಲೇ ಇರಲಿ.