ರಜೆಯ ರಿವ್ಯೂನಲ್ಲಿ ಸೋತ ಕುದುರೆಗಳು ಎಲ್ಲಿ?



ಕ್ರಿಸ್ಮಸ್ ಗೋದಲಿಯನ್ನು ಬಿಚ್ಚಿ, ಹುಲ್ಲು ಗುಡಿಸಿ, ಕ್ಯಾರಲ್ ದುಡ್ಡಿನ ಲೆಕ್ಕ ಮುಗಿಸಿ ಕೂತಿದ್ದೆವು. ಆಗ ನಮ್ಮ ಗುಂಪಿನ ಒಬ್ಬ ತಮ್ಮ ಮೊಬೈಲ್ ಹಿಡಿದು ಬಂದ. ಅವನ ಮುಖ ನೋಡಿದರೆ ಪರೀಕ್ಷೆಯ ರಿಸಲ್ಟ್ ಬಂದಂತಿತ್ತು. ತೋರಿಸಿದ್ದು ಒಂದು ಪಟ್ಟಿ: ‘ಹಾಲಿಡೇ ರಿವ್ಯೂ, ಡಿಸೆಂಬರ್ 24ರಿಂದ ಜನವರಿ 4. ಒಟ್ಟು ಸೆಲೆಕ್ಷನ್ 31. ಗೆದ್ದದ್ದು 9. ಲಾಭ 3,120.’ ಕೆಳಗೆ ಕುದುರೆಯ ಚಿತ್ರ, ಬೆಂಕಿಯ ಚಿತ್ರ, ಕೈಮುಗಿದ ಚಿತ್ರ. ಹದಿನೆಂಟು ಜನ ಹೆಬ್ಬೆರಳು ಎತ್ತಿದ್ದರು. ಅದರಲ್ಲಿ ಆರು ಜನ ನಮ್ಮವರೇ.

ಈ ಬರಹ ಆ ಆರು ಜನರಿಗಾಗಿ. ಸಿಟ್ಟು ಬಂದರೆ ಬರಲಿ, ನನಗೂ ಬಂದಿದೆ.

ಮೊದಲು ಲೆಕ್ಕ ನೋಡೋಣ. ಕ್ಯಾರಲ್ ಲೆಕ್ಕ ಬರೆದ ಪುಸ್ತಕದ ಹಿಂದಿನ ಪುಟದಲ್ಲೇ ಬರೆದೆ. ಪ್ರತಿ ಕುದುರೆಯ ಮೇಲೆ 200 ರೂಪಾಯಿ, 31 ಕುದುರೆ, ಒಟ್ಟು 6,200. ಗೆದ್ದ ಒಂಬತ್ತರ ಭಾವ ಅದೇ ಪಟ್ಟಿಯಲ್ಲಿತ್ತು: ಎರಡು ಎಂಭತ್ತು ಪೈಸೆಗೆ, ಮೂರು ಒಂದಕ್ಕೊಂದು, ಎರಡು ಒಂದಕ್ಕೆ ಒಂದೂವರೆ, ಒಂದು ಒಂದಕ್ಕೆ ಮೂರು, ಒಂದು ಒಂದಕ್ಕೆ ಐದು. ಅಸಲು ಸೇರಿಸಿ ಕೈಗೆ ಬಂದದ್ದು 720, 1,200, 1,000, 800, 1,200. ಕೂಡಿದರೆ 4,920. ಹಾಕಿದ್ದು 6,200, ಬಂದದ್ದು 4,920. ಅಂದರೆ 1,280 ರೂಪಾಯಿ ಲುಕ್ಸಾನು.

ಹಾಗಾದರೆ 3,120 ಲಾಭ ಎಲ್ಲಿಂದ ಬಂತು? ಗೆದ್ದ ಒಂಬತ್ತು ಪಣಗಳ ಲಾಭವನ್ನಷ್ಟೇ ಕೂಡಿದರೆ ಸರಿಯಾಗಿ 3,120 ಬರುತ್ತದೆ. ಸೋತ ಇಪ್ಪತ್ತೆರಡು ಕುದುರೆಗಳ 4,400 ರೂಪಾಯಿ ಲೆಕ್ಕಕ್ಕೇ ಬಂದಿಲ್ಲ.

‘ಯಾಕೋ ತಮ್ಮಾ, ಸೋತದ್ದು ಎಲ್ಲಿ ಬರದೀರಿ?’ ಅಂದೆ.

‘ಅಣ್ಣಾ, ರಿವ್ಯೂ ಅಂದ್ರ ಗೆದ್ದದ್ದು ತೋರ್ಸೂದು. ಸೋತದ್ದು ಎಲ್ಲಾರಿಗೂ ಗೊತ್ತೇ ಇರ್ತದ’ ಅಂದ.

ಗೊತ್ತೇ ಇರುವುದಿಲ್ಲ ತಮ್ಮಾ. ನನ್ನ ಉದಾಹರಣೆಯನ್ನೇ ಹೇಳುತ್ತೇನೆ. ಪುಣೆಯಲ್ಲಿ ಕೆಲಸಕ್ಕಿದ್ದಾಗ ಮಳೆಗಾಲದ ಸೀಸನ್ನಿನಲ್ಲಿ ರೂಮಿನ ಗೆಳೆಯರ ಜೊತೆ ನಾನೂ ರೇಸ್‌ಕೋರ್ಸಿಗೆ ಹೋಗಿದ್ದೇನೆ. ಮೊದಲ ದಿನ 900 ರೂಪಾಯಿ ಗೆದ್ದೆ. ಆ ಕುದುರೆಯ ನಂಬರು 4, ಜಾಕಿಯ ಅಂಗಿ ಹಸಿರು, ಮಳೆ ಸಣ್ಣಗೆ ಹನಿಯುತ್ತಿತ್ತು. ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಆಮೇಲೆ ಎರಡು ಸೀಸನ್ನು ಹೋದೆ. ಎಷ್ಟು ಕಳೆದೆ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಗೆದ್ದ ಕುದುರೆಯ ಬಣ್ಣ ನೆನಪಿದೆ, ಸೋತ ಒಂದರ ಹೆಸರೂ ನೆನಪಿಲ್ಲ. ಹಾಗಾಗಿ ರಿವ್ಯೂ ಬರೆದವನಿಗೆ ನಾನು ಕಳ್ಳ ಎನ್ನುವುದಿಲ್ಲ. ಮನುಷ್ಯನ ತಲೆ ಓಡುವುದೇ ಹೀಗೆ. ಆದರೆ ತಲೆ ಹೀಗೆ ಓಡುತ್ತದೆ ಎಂದು ಗೊತ್ತಿದ್ದೂ ಅದನ್ನು ಹದಿನೆಂಟು ವರ್ಷದ ಹುಡುಗರ ಮುಂದೆ ‘ಲಾಭ’ ಎಂದು ಇಡುವುದಿದೆಯಲ್ಲ, ಅದಕ್ಕೆ ಬೇರೆ ಹೆಸರಿದೆ.

ಸೋತ ಕುದುರೆಗಳ ಮುಂದೆ ಬರೆದ ಮಾತುಗಳನ್ನೂ ನೋಡಿ. ‘ಕೂದಲೆಳೆಯಲ್ಲಿ ತಪ್ಪಿತು.’ ‘ಜಾಕಿ ತಡ ಮಾಡಿದ.’ ‘ಸ್ಟಾರ್ಟ್ ಸರಿ ಆಗಲಿಲ್ಲ.’ ‘ಮುಂದಿನ ಸಲ ಗ್ಯಾರಂಟಿ.’ ಗೆದ್ದ ಕುದುರೆಯ ಮುಂದೆ ಮಾತ್ರ ‘ಎದುರಾಳಿಯ ಜಾಕಿ ತಪ್ಪು ಮಾಡಿದ್ದಕ್ಕೆ ನಾವು ಬಚಾವಾದೆವು’ ಎಂದು ಒಂದು ಕಡೆಯೂ ಇಲ್ಲ. ಗೆಲುವು ನಮ್ಮ ಬುದ್ಧಿಯದ್ದು, ಸೋಲು ಜಾಕಿಯದ್ದು. ಭಾವದಲ್ಲೂ ಒಂದು ಚಾಲಾಕಿ ಇದೆ. ಬೆಳಿಗ್ಗೆ ಒಂದಕ್ಕೆ ಐದು ಇದ್ದ ಕುದುರೆ ಓಟದ ಹೊತ್ತಿಗೆ ಒಂದಕ್ಕೆ ಮೂರಕ್ಕೆ ಇಳಿದಿರಬಹುದು. ರಿವ್ಯೂನಲ್ಲಿ ಬರೆಯುವುದು ಐದು, ನಾಗಣಸೂರಿನ ಹುಡುಗನಿಗೆ ಸಿಕ್ಕಿದ್ದು ಮೂರು.

ಟಿಪ್ ಕೊಡುವವರ ಇನ್ನೊಂದು ಹಳೆಯ ಆಟ ನಿಮಗೆ ಗೊತ್ತಿರಲಿ. ಒಂದು ಓಟದಲ್ಲಿ ಎಂಟು ಕುದುರೆ ಇವೆ ಅನ್ನಿ. 800 ಜನರನ್ನು ಎಂಟು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಕುದುರೆ ಕಳಿಸಿದರೆ ನೂರು ಜನರಿಗೆ ಗೆಲುವು ಖಾತ್ರಿ. ಆ ನೂರು ಜನರನ್ನು ಮತ್ತೆ ಎಂಟು ಭಾಗ ಮಾಡಿದರೆ ಹನ್ನೆರಡು ಜನರಿಗೆ ಎರಡನೇ ಸಲವೂ ಗೆಲುವು. ಆ ಹನ್ನೆರಡು ಜನರ ಪಾಲಿಗೆ ಅವನು ಪ್ರವಾದಿ. ಮೂರನೇ ಟಿಪ್ಪಿಗೆ ದುಡ್ಡು ಕೇಳಿದರೆ ಕೈಮುಗಿದು ಕೊಡುತ್ತಾರೆ. ಉಳಿದವರು ಸುಮ್ಮನೆ ಗುಂಪು ಬಿಡುತ್ತಾರೆ. ನನಗೆ ಟಿಪ್ ಸುಳ್ಳಾಯಿತು ಎಂದು ಯಾರು ಡಂಗುರ ಹೊಡೆಯುತ್ತಾರೆ?

ಇದಕ್ಕೆ ರಜೆಯ ವಾರವೇ ಯಾಕೆ ಬೇಕು ಎಂದು ಕೇಳಬಹುದು. ಚಳಿಗಾಲ ಎಂದರೆ ರೇಸಿನ ಸುಗ್ಗಿ. ಮುಂಬೈ ಮಹಾಲಕ್ಷ್ಮಿಯಲ್ಲಿ ಸೀಸನ್ ನಡೆಯುತ್ತಿರುತ್ತದೆ, ಡಿಸೆಂಬರಿನಲ್ಲಿ ಗಿನಿಸ್ ಓಟಗಳು, ಫೆಬ್ರವರಿಯ ಮೊದಲ ಭಾನುವಾರ ಇಂಡಿಯನ್ ಡರ್ಬಿ. ಬೆಂಗಳೂರಿನಲ್ಲಿ ಚಳಿಗಾಲದ ಸೀಸನ್, ಹೈದರಾಬಾದ್, ಕೋಲ್ಕತ್ತ ಬೇರೆ. ಇವತ್ತು ಇಲ್ಲಿ ಇಲ್ಲದಿದ್ದರೆ ಅಲ್ಲಿ. ಮೈಸೂರಿನವರಿಗೆ ದಸರೆಯ ಆಸುಪಾಸಿನಲ್ಲೇ ಡರ್ಬಿ. ಹಬ್ಬ ಎಲ್ಲಿದೆಯೋ ಕೈಯಲ್ಲಿ ದುಡ್ಡು ಅಲ್ಲಿದೆ, ದುಡ್ಡು ಎಲ್ಲಿದೆಯೋ ಕುದುರೆ ಅಲ್ಲಿದೆ. ಒಂದು ತಮಾಷೆ ಹೇಳಲೇ? ಈ ಆಟವನ್ನು ನಮ್ಮ ದೇಶಕ್ಕೆ ತಂದ ಇಂಗ್ಲೆಂಡಿನಲ್ಲಿ ಕ್ರಿಸ್ಮಸ್ ದಿನ ಒಂದೇ ಒಂದು ರೇಸ್ ಓಡುವುದಿಲ್ಲ. 26ನೇ ತಾರೀಖು ಕೆಂಪ್ಟನ್‌ನಲ್ಲಿ ದೊಡ್ಡ ಓಟ, ಆದರೆ 25ಕ್ಕೆ ಎಲ್ಲ ಮೈದಾನವೂ ಬಂದ್. ನಮ್ಮ ಹುಡುಗರು ಮಾತ್ರ ನಡುರಾತ್ರಿಯ ಬಲಿಪೂಜೆ ಮುಗಿದು ಕೇಕ್ ಹಂಚುವಾಗಲೇ ಮರುದಿನದ ‘ಕಾರ್ಡ್’ ತೆರೆದು ಕೂತಿದ್ದರು.

ನಮ್ಮ ಕಡೆ ಇನ್ನೊಂದು ಕಾರಣವೂ ಇದೆ. ಡಿಸೆಂಬರ್ ಕೊನೆಗೆ ತೊಗರಿ ರಾಶಿ. ಅಕ್ಕಲಕೋಟ ತಾಲೂಕಿನ ರೈತನ ಮನೆಗೆ ನಗದು ಬರುವ ಕೆಲವೇ ದಿನಗಳು ಇವು. ಪುಣೆ, ಮುಂಬೈಯಿಂದ ಮಕ್ಕಳು ರೈಲಿಳಿದು ಬರುತ್ತಾರೆ, ಜೇಬಿನಲ್ಲಿ ಪಗಾರ. ಮನೆಯಲ್ಲಿ ದುಡ್ಡು, ಕೈಯಲ್ಲಿ ಮೊಬೈಲ್, ಮಾಡಲು ಕೆಲಸವಿಲ್ಲ. ನಮ್ಮ ಅಪ್ಪಂದಿರ ಕಾಲದಲ್ಲಿ ಇದೇ ದುಡ್ಡು ಓಸಿಗೆ ಹೋಗುತ್ತಿತ್ತು. ಅರವತ್ತರ ದಶಕದಲ್ಲಿ ಮುಂಬೈಯಲ್ಲಿ ಹುಟ್ಟಿದ ಮಟ್ಕಾ ನಮ್ಮೂರ ಚಹಾದಂಗಡಿಯ ತನಕ ಬಂದಿತ್ತು. ಚೀಟಿ ಬರೆಯುವವನು ಕಂಡರೆ ಅವ್ವಂದಿರು ಶಾಪ ಹಾಕುತ್ತಿದ್ದರು. ಈಗ ಚೀಟಿ ಇಲ್ಲ, ಬರೆಯುವವನ ಮುಖ ಇಲ್ಲ, ಶಾಪ ಹಾಕಲಿಕ್ಕೂ ಯಾರೂ ಸಿಗುವುದಿಲ್ಲ.

‘ಅಣ್ಣಾ, ಮಟ್ಕಾ ಜೂಜು. ರೇಸ್ ಬುದ್ಧಿಯ ಆಟ, ಸುಪ್ರೀಂ ಕೋರ್ಟೇ ಹೇಳ್ಯದ.’ ಇದು ಅವರ ಅತ್ಯಂತ ಬಲವಾದ ಮಾತು, ಇದಕ್ಕೆ ಸರಿಯಾಗಿಯೇ ಉತ್ತರ ಕೊಡಬೇಕು. ಹೌದು, ಹೇಳಿದೆ. ತಮಿಳುನಾಡು ಸರ್ಕಾರ ರೇಸಿನ ಬಾಜಿಯನ್ನು ನಿಲ್ಲಿಸಲು ಹೊರಟಾಗ, ಕೆ. ಆರ್. ಲಕ್ಷ್ಮಣನ್ ಪ್ರಕರಣದಲ್ಲಿ, 1996ರ ಜನವರಿಯಲ್ಲಿ ಬಂದ ತೀರ್ಪು ಅದು. ಕುದುರೆಯ ತಳಿ, ತರಬೇತಿ, ಜಾಕಿಯ ಕೈಚಳಕ ಇವುಗಳಿಂದ ಫಲಿತಾಂಶ ನಿಂತಿದೆ, ಆದ್ದರಿಂದ ಕಾನೂನಿನ ಕಣ್ಣಲ್ಲಿ ಇದು ಕೌಶಲದ ಆಟ ಎಂದಿತು ಕೋರ್ಟು. ಆಟ ಕೌಶಲದ್ದು ಎಂದಿತೇ ಹೊರತು ಕೌಶಲ ನಿಮ್ಮಲ್ಲಿದೆ ಎನ್ನಲಿಲ್ಲ. ಬೆಳಗಿನ ತಾಲೀಮು ನೋಡುವವರು, ಕುದುರೆಯ ಕಾಲು ಮುಟ್ಟಿ ನೋಡುವವರು, ಲಾಯದವರ ಜೊತೆ ಚಹಾ ಕುಡಿಯುವವರು ಇದ್ದಾರೆ. ಅವರ ಬುದ್ಧಿಯೆಲ್ಲ ಸೇರಿಯೇ ಭಾವ ನಿಂತಿರುತ್ತದೆ. ಒಳ್ಳೆಯ ಕುದುರೆ ಎಂದು ನಿಮಗೆ ತಿಳಿಯುವ ಹೊತ್ತಿಗೆ ಅದರ ಭಾವ ಎಂಭತ್ತು ಪೈಸೆಗೆ ಬಂದಿರುತ್ತದೆ. ಸಾಲದ್ದಕ್ಕೆ ಹ್ಯಾಂಡಿಕ್ಯಾಪ್ ಓಟದಲ್ಲಿ ಬಲವಾದ ಕುದುರೆಯ ಬೆನ್ನಿಗೆ ಹೆಚ್ಚು ಭಾರ ಹೇರಿ ಎಲ್ಲವನ್ನೂ ಸಮ ಮಾಡಲು ನೋಡುತ್ತಾರೆ. ನಾವೋ, ಮದುವೆಯ ಮೆರವಣಿಗೆಯಲ್ಲಿ ವರ ಕೂತ ಕುದುರೆ ಬಿಟ್ಟರೆ ಬೇರೆ ಕುದುರೆಯನ್ನು ಹತ್ತಿರದಿಂದ ನೋಡಿದವರಲ್ಲ.

ಬುಕ್ಕಿಯ ಬುದ್ಧಿ ಯಾವುದು ಎಂದು ತಿಳಿಯಲು ಒಂದು ಸಣ್ಣ ಲೆಕ್ಕ ಸಾಕು. ನಾಲ್ಕು ಕುದುರೆ, ಭಾವ ಒಂದಕ್ಕೆ ಒಂದು, ಎರಡು, ಮೂರು, ನಾಲ್ಕು. ಯಾವುದು ಗೆದ್ದರೂ ನಿಮಗೆ 100 ರೂಪಾಯಿ ಬರಬೇಕಾದರೆ ಮೊದಲನೆಯದಕ್ಕೆ 50, ಎರಡನೆಯದಕ್ಕೆ 33, ಮೂರನೆಯದಕ್ಕೆ 25, ನಾಲ್ಕನೆಯದಕ್ಕೆ 20 ಹಾಕಬೇಕು. ಒಟ್ಟು 128. ನೂರು ಪಡೆಯಲು 128 ಕೊಡುವ ಸಂತೆ ಇದು. ಕುದುರೆ ಇನ್ನೂ ಗೇಟಿನಿಂದ ಹೊರಬಿದ್ದಿಲ್ಲ, 28 ಅವನ ಜೇಬಿಗೆ ಹೋಯಿತು.

ಇದರ ಮೇಲೆ ಸರ್ಕಾರದ ಪಾಲು. 2023ರ ಅಕ್ಟೋಬರ್ 1ರಿಂದ ಹಾಕಿದ ಪೂರ್ತಿ ಪಣದ ಮೇಲೆ ಶೇ. 28 ಜಿಎಸ್‌ಟಿ ಎಂದು ಕಾಯ್ದೆ ಬಿಗಿಯಾಯಿತು, 2025ರ ಸೆಪ್ಟೆಂಬರ್ 22ರಿಂದ ಅದು ಶೇ. 40. ಪಣದ ಮೇಲೆ ತೆರಿಗೆ ಸೇರಿಸಿ 140 ಕೊಟ್ಟು 100ರ ಪಣ ಕಟ್ಟಿದರೆ, ಒಂದಕ್ಕೊಂದು ಭಾವದಲ್ಲಿ ಗೆದ್ದಾಗ ಬರುವುದು 200. ಅಸಲಿಗೆ ಮೋಸವಾಗದಿರಲು ನೂರಕ್ಕೆ ಎಪ್ಪತ್ತು ಸಲ ಗೆಲ್ಲಬೇಕು. ಜಗತ್ತಿನ ಹೆಚ್ಚಿನ ಕಡೆ ಎಲ್ಲರ ಮೆಚ್ಚಿನ ಫೇವರಿಟ್ ಕುದುರೆಯೇ ಗೆಲ್ಲುವುದು ಸುಮಾರು ಮೂರರಲ್ಲಿ ಒಂದು ಸಲ. ನಮ್ಮ ರಿವ್ಯೂ ವೀರರದ್ದು 31ರಲ್ಲಿ 9.

‘ನಮ್ಮ ಬುಕ್ಕಿಗೆ ಟ್ಯಾಕ್ಸ್ ಇಲ್ಲ’ ಎಂದು ಆ ತಮ್ಮ ನಕ್ಕ. ಅಲ್ಲೇ ಇರುವುದು ಗಾಳ. ಕೋರ್ಟು ಸರಿ ಎಂದಿದ್ದು ಪರವಾನಗಿ ಇರುವ ಮೈದಾನದ ಬಾಜಿಯನ್ನು. ಫೋನಿನಲ್ಲಿ ಪಣ ತೆಗೆದುಕೊಳ್ಳುವವನಿಗೆ ಆ ತೀರ್ಪಿನಲ್ಲಿ ಜಾಗವಿಲ್ಲ. ಅವನು ತೆರಿಗೆ ಕೇಳುವುದಿಲ್ಲ, ನಗದೂ ಕೇಳುವುದಿಲ್ಲ. ಉದ್ರಿ ಕೊಡುತ್ತಾನೆ. ಸೋಮವಾರಕ್ಕೆ ಲೆಕ್ಕ ಎನ್ನುತ್ತಾನೆ. ಕೈಯಿಂದ ನೋಟು ಹೋಗದಿದ್ದರೆ ಸೋತದ್ದು ಸೋತಂತೆ ಅನಿಸುವುದಿಲ್ಲ.

ಈಗ ರಿವ್ಯೂನಲ್ಲಿ ಇಲ್ಲದ ಒಂದು ವಿಷಯ. ಹೆಬ್ಬೆರಳು ಎತ್ತಿದ ಆರು ಜನರಲ್ಲಿ ಒಬ್ಬನು 200ಕ್ಕೆ ನಿಲ್ಲಲಿಲ್ಲ. ಸೋತಾಗಲೆಲ್ಲ ದುಪ್ಪಟ್ಟು ಹಾಕಿದರೆ ಒಂದೇ ಗೆಲುವಿಗೆ ಎಲ್ಲ ವಾಪಸ್ ಎಂದು ಯಾರೋ ಹೇಳಿಕೊಟ್ಟಿದ್ದರು. 200, 400, 800, 1,600, 3,200, 6,400. ಸಾಲಾಗಿ ಆರು ಸೋಲು. 31ರಲ್ಲಿ 22 ಸೋಲುವ ಆಟದಲ್ಲಿ ಆರು ಸಾಲಾಗಿ ಬರುವುದು ದೊಡ್ಡ ಆಶ್ಚರ್ಯವೇನಲ್ಲ. ಏಳನೆಯದಕ್ಕೆ 12,800 ಬೇಕಿತ್ತು, ಬುಕ್ಕಿ ಉದ್ರಿ ನಿಲ್ಲಿಸಿದ. ಒಟ್ಟು ಸಾಲ 12,600. ಮನೆಯಲ್ಲಿ ತೊಗರಿ ಮಾರಿದ ದುಡ್ಡಿನಲ್ಲಿ 18,000 ಬೇರೆ ಎತ್ತಿಟ್ಟಿದ್ದರು, ಸೊಲ್ಲಾಪುರದಲ್ಲಿ ನರ್ಸಿಂಗ್ ಓದುವ ತಂಗಿಯ ಎರಡನೇ ಕಂತು. ಈಗ ಅಲ್ಲಿರುವುದು 5,400. ಅವ್ವನಿಗೆ ಇನ್ನೂ ಗೊತ್ತಿಲ್ಲ. ತಂಗಿಗೆ ಗೊತ್ತಾಗಿದೆ, ಯಾಕೆಂದರೆ ಟ್ರಂಕಿನ ಕೀಲಿ ಇಟ್ಟ ಜಾಗ ಇವನಿಗೆ ಹೇಳಿದ್ದೇ ಅವಳು.

ಇವನ ಸಾಲನ್ನು ಯಾವ ರಿವ್ಯೂ ಬರೆಯುತ್ತದೆ? ಗುಂಪಿನ ಲೆಕ್ಕದಲ್ಲಿ ಆ ವಾರ ‘ಲಾಭ 3,120’.

ನನಗೆ ತಿರುಗಿ ಬೀಳುವ ಮಾತೂ ಇದೆ, ಮುಚ್ಚಿಡುವುದಿಲ್ಲ. ‘ಕ್ರಿಸ್ಮಸ್ ಕಾರ್ಯಕ್ರಮದಾಗ ನೀವು ಹೌಸಿ ಆಡ್ಸೂದಿಲ್ಲೇನು? ಅದೂ ದುಡ್ಡು, ಅದೂ ನಸೀಬು.’ ಆಡಿಸುತ್ತೇವೆ. ನಾನೇ ನಂಬರು ಕೂಗಿದ್ದೇನೆ. ಕಥೋಲಿಕ ಕ್ಯಾಟೆಕಿಸಂ ಕೂಡ, 2413ನೇ ಪರಿಚ್ಛೇದದಲ್ಲಿ, ಎಲ್ಲ ಬಾಜಿಯನ್ನೂ ಪಾಪ ಎಂದು ಹೇಳುವುದಿಲ್ಲ. ಬೇರೆಯವರ ಅಥವಾ ನಮ್ಮದೇ ಅಗತ್ಯಕ್ಕೆ ಬೇಕಾದ್ದನ್ನು ಅದು ಕಸಿದುಕೊಂಡಾಗ ಒಪ್ಪಲಾಗದು ಎನ್ನುತ್ತದೆ, ಜೂಜಿನ ಗೀಳು ಮನುಷ್ಯನನ್ನು ಗುಲಾಮ ಮಾಡುವ ಅಪಾಯವಿದೆ ಎನ್ನುತ್ತದೆ. ಹತ್ತು ರೂಪಾಯಿಯ ಹೌಸಿ ಚೀಟಿಗೆ ಯಾರೂ ಉದ್ರಿ ಕೊಡುವುದಿಲ್ಲ, ಸೋತವನು ದುಪ್ಪಟ್ಟು ಹಾಕಲು ಸಾಧ್ಯವಿಲ್ಲ, ರಾತ್ರಿ ಹತ್ತಕ್ಕೆ ಆಟ ಮುಗಿಯುತ್ತದೆ. ಆದರೂ ಮಾತು ಚುಚ್ಚಿದೆ. ಎಂಟು ವರ್ಷದ ಮಕ್ಕಳು ‘ಫುಲ್ ಹೌಸ್’ ಎಂದು ಕುಣಿದು ದುಡ್ಡಿನ ಲಕೋಟೆ ಹಿಡಿಯುವುದು ನನಗೂ ಈ ಸಲ ಸರಿ ಕಾಣಲಿಲ್ಲ. ಮುಂದಿನ ವರ್ಷ ಬಹುಮಾನ ದುಡ್ಡಾಗಿರಬಾರದು ಎಂದು ಸಮಿತಿಯಲ್ಲಿ ಹೇಳಿದ್ದೇನೆ. ಜಗಳವಾಯಿತು, ಇರಲಿ.

ಫಾದರ್ ಹತ್ತಿರ ಹೋಗಿ ಪಾಪನಿವೇದನೆ ಮಾಡು ಎಂದು ಅವನಿಗೆ ಹೇಳುವುದು ಸುಲಭ, ಅವನು ಮಾಡಿಯೂ ಬಂದಿದ್ದಾನೆ. ನನ್ನ ಜಗಳ ಅವನ ಜೊತೆಯಲ್ಲ. ಲೂಕನ ಸುವಾರ್ತೆಯಲ್ಲಿ ಯಜಮಾನ ಮೇಸ್ತ್ರಿಯನ್ನು ಕರೆದು ಲೆಕ್ಕ ಕೇಳುವ ಸಾಮತಿ ಇದೆಯಲ್ಲ, ಅಲ್ಲಿ ಕೇಳಿದ್ದು ಪೂರ್ತಿ ಲೆಕ್ಕ. ಆ ಗುಂಪಿಗೆ ರಿವ್ಯೂ ಬರೆಯುವ ತಮ್ಮಂದಿರೇ, ನಿಮ್ಮನ್ನೂ ಅದನ್ನೇ ಕೇಳುತ್ತಿದ್ದೇನೆ. 31 ಕುದುರೆಯನ್ನೂ ಬರೆಯಿರಿ. ನಿಮಗೆ ಸಿಕ್ಕ ಭಾವ ಬರೆಯಿರಿ, ಬೆಳಗಿನದ್ದಲ್ಲ. ಯಾರ ಹತ್ತಿರ ಉದ್ರಿ ಎಷ್ಟಿದೆ ಬರೆಯಿರಿ. ಎತ್ತಿದ ಹೆಬ್ಬೆರಳುಗಳನ್ನು ಅದಾದ ಮೇಲೆ ಎಣಿಸೋಣ.

ಮುಂದಿನ ಭಾನುವಾರ ಬಲಿಪೂಜೆ ಆದ ಮೇಲೆ ನಾನು ಹಿಂದಿನ ಬೆಂಚಿನಲ್ಲಿ ಕೂತಿರುತ್ತೇನೆ. ಪುಣೆಯ ಎರಡು ಸೀಸನ್ನಿನ ನನ್ನ ಲೆಕ್ಕ ತರುತ್ತೇನೆ. ಬ್ಯಾಂಕಿನ ಪಾಸ್‌ಬುಕ್ ಹುಡುಕಿ ತೆಗೆದಿದ್ದೇನೆ, ಎಟಿಎಂನಿಂದ ತೆಗೆದ ಶನಿವಾರ, ಭಾನುವಾರಗಳಿಗೆ ಗುರುತು ಹಾಕುತ್ತಿದ್ದೇನೆ. ಇಲ್ಲಿಯವರೆಗೆ ಹದಿನಾಲ್ಕು ಸಿಕ್ಕಿವೆ, ನಾನು ಅಂದುಕೊಂಡದ್ದು ಐದೋ ಆರೋ.

ಫೀಸಿಗೆ ಕೊನೆಯ ದಿನ ಜನವರಿ 20. ಕ್ಯಾರಲ್ ದುಡ್ಡು ಮುಟ್ಟುವಂತಿಲ್ಲ, ಅದು ಬೇರೆ ಕೆಲಸಕ್ಕೆ ಎಂದು ಜನರಿಗೆ ಹೇಳಿ ಎತ್ತಿದ್ದು. ನಾವು ನಾಲ್ಕು ಜನ ಸ್ವಂತ ಜೇಬಿನಿಂದ ಕೂಡಿಸಿದ್ದು 7,150 ಆಗಿದೆ. ಇನ್ನೂ 5,450 ಬೇಕು. ಹೆಬ್ಬೆರಳು ಎತ್ತಿದ ಉಳಿದ ಐದು ಜನರ ಹೆಸರು ನನಗೆ ಗೊತ್ತು, ಸಂಕ್ರಾಂತಿಯ ಮರುದಿನ ಒಬ್ಬೊಬ್ಬರ ಮನೆಗೂ ಬರುತ್ತೇನೆ.