ಹಳ್ಳದಂಚಿನ ಹಸಿರು ಗೆರೆ

ಬೇಸಿಗೆಯಲ್ಲಿ ಮಡಿಕೇರಿಯಿಂದ ಇಳಿದು, ಹುಣಸೂರು ದಾಟಿ ಇಲವಾಲ ತಲುಪುವಷ್ಟರಲ್ಲಿ ನೆಲದ ಬಣ್ಣವೇ ಬದಲಾಗಿರುತ್ತದೆ. ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆ ಕಾಣುವ ಈ ಬಯಲು ಮರುಭೂಮಿಯಲ್ಲ. ಆದರೂ ಏಪ್ರಿಲ್ ತಿಂಗಳಲ್ಲಿ ಇಲ್ಲಿ ಉಳಿಯುವ ಹಸಿರೆಂದರೆ ಹಳ್ಳಗಳ ಇಕ್ಕೆಲದ ಹೊಂಗೆ, ನೇರಳೆ, ಅತ್ತಿ, ಹೊಳೆಮತ್ತಿ ಮರಗಳು ಮಾತ್ರ. ಮೇಲೆ ನೀರು ಬತ್ತಿದರೂ ಮರಳಿನಡಿಯ ತೇವ ಅವುಗಳ ಬೇರಿಗೆ ಎಟಕುತ್ತದೆ. ಅರಿಜೋನಾದಂತಹ ನಿಜವಾದ ಮರುಭೂಮಿಗಳಲ್ಲಿಯೂ ಹಲವು ಹಕ್ಕಿಗಳು ನೆಲೆಸುವುದು ಇಂತಹ ತೊರೆಯಂಚಿನಲ್ಲಿ.

ಈ ಗೆರೆಯ ಬೆಲೆ ತಿಳಿಯಲು ಕಾವೇರಿಯ ಕೆಳಹರಿವನ್ನು ನೋಡಬೇಕು. 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮದಲ್ಲಿ ಬೂದುಬಣ್ಣದ ದೈತ್ಯ ಅಳಿಲು ವಾಸಿಸುತ್ತದೆ. ಹೊಳೆಮತ್ತಿಯಂತಹ ಎತ್ತರದ ಮರಗಳಲ್ಲಿ ಗೂಡು ಕಟ್ಟಿ, ನೆಲಕ್ಕಿಳಿಯದೆ ಕೊಂಬೆಯಿಂದ ಕೊಂಬೆಗೆ ಹಾರುವ ಪ್ರಾಣಿಯದು. ದಡದಿಂದ ತುಸು ಆಚೆಗೆ ಮುಳ್ಳುಕುರುಚಲು. ಅಲ್ಲಿ ಅದಕ್ಕೆ ಬದುಕಿಲ್ಲ. ಸಾಲಿನ ನಡುವೆ ಒಂದು ಮರ ಉರುಳಿದರೂ ದಾರಿ ಕಡಿಯುತ್ತದೆ. ದಡದ ಬೇರುಗಳ ಸಂದಿಯಲ್ಲಿ ನೀರುನಾಯಿ ಅಡಗುತ್ತದೆ, ನೀರಿಗೆ ಬಿದ್ದ ಅತ್ತಿಹಣ್ಣನ್ನು ಮೀನು ತಿನ್ನುತ್ತದೆ. ಇಲವಾಲಕ್ಕೆ ಹತ್ತಿರದ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದುದು ಸಲೀಂ ಅಲಿಯವರ ಸಲಹೆಯಿಂದ; ಅಲ್ಲಿಯೂ ಕೊಕ್ಕರೆಗಳ ಗೂಡನ್ನು ಹೊತ್ತಿರುವುದು ನದಿನಡುವಿನ ಮರಗಳೇ.

ಧಾಮದೊಳಗಿನ ಮರಕ್ಕೆ ಕಾವಲುಗಾರರಿದ್ದಾರೆ. ಊರಹಳ್ಳದ ಮರಕ್ಕೆ ಯಾರಿದ್ದಾರೆ? ಪಹಣಿಯಲ್ಲಿ ಹಳ್ಳ ‘ಬಿ ಖರಾಬು’ ಎಂದು ದಾಖಲಾಗುತ್ತದೆ. (ಹೆಸರೇ ಅನಾಹುತಕಾರಿ. ಸಾರ್ವಜನಿಕ ಬಳಕೆಗೆ ಬಿಟ್ಟ ನೆಲವೆಂಬುದು ಅದರ ಅರ್ಥ, ಕೆಟ್ಟ ನೆಲವೆಂದಲ್ಲ.) ಬಡಾವಣೆ ಬಂದಾಗ ಅದು ಕಾಂಕ್ರೀಟ್ ಚರಂಡಿಯಾಗುತ್ತದೆ. ಹೂಳೆತ್ತಲು ಬಂದ ಜೆಸಿಬಿ ಮೊದಲು ಕೀಳುವುದು ದಡದ ಮರವನ್ನೇ. ಬದಲಿಗೆ ಬೇರೆಲ್ಲೋ ಸಸಿ ನೆಟ್ಟ ಲೆಕ್ಕ ತೋರಿಸಲಾಗುತ್ತದೆ; ಗೂಬೆ, ಗಿಳಿಗಳಿಗೆ ಬೇಕಾದ ಪೊಟರೆ ಸಸಿಯಲ್ಲಿ ಇರುವುದಿಲ್ಲ.

ನೆರಳಿಗೆ ರಾಗಿ ಬಾಡುತ್ತದೆ ಎನ್ನುವ ರೈತರ ಮಾತು ಸುಳ್ಳಲ್ಲ. ಅಂಚಿನ ಒಂದೆರಡು ಸಾಲು ಸೊರಗುವುದನ್ನು ನಾನೂ ಕಂಡಿದ್ದೇನೆ. ಆದರೆ ಮರ ಕಡಿದ ಕಡೆ ದಡ ಕುಸಿದು ಹೊಲವೇ ಹಳ್ಳಕ್ಕೆ ಸೇರುವುದನ್ನೂ ಕಂಡಿದ್ದೇನೆ. ಹೊಂಗೆಯ ಸೊಪ್ಪು ಗದ್ದೆಗೆ ಗೊಬ್ಬರವೆಂಬುದನ್ನು ನಮ್ಮ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮಲೆನಾಡಿನ ನಮ್ಮ ತೋಟಗಳ ಅಂಚಿನಲ್ಲಿಯೂ ಇದೇ ಕೊಡಲಿ ಆಡುತ್ತಿದೆ. ವಿದ್ಯಾರ್ಥಿ ಮಿತ್ರರು ತಮ್ಮೂರಿನ ಹಳ್ಳದ ಉದ್ದಕ್ಕೂ ನಡೆದು, ನಿಂತಿರುವ ಮರಗಳನ್ನು ಎಣಿಸಿ, ಆ ಪಟ್ಟಿಯನ್ನು ಮುಂದಿನ ಗ್ರಾಮಸಭೆಯ ನಡಾವಳಿಯಲ್ಲಿ ಸೇರಿಸಲಿ. ಹೂಳೆತ್ತುವ ಕಾಮಗಾರಿ ಮಂಜೂರಾಗುವ ಮುನ್ನವೇ ಇದು ಆಗಬೇಕು.