ತನಿಕೋಡು ಗೇಟಿನ ಇನ್ನೊಂದು ಪುಸ್ತಕ

ಶೃಂಗೇರಿಯಿಂದ ಕೆರೆಕಟ್ಟೆ, ಎಸ್.ಕೆ. ಬಾರ್ಡರ್, ಮಾಳದ ಮೇಲೆ ಕಾರ್ಕಳಕ್ಕೆ ಇಳಿಯುವವರೆಲ್ಲ ತನಿಕೋಡಿನಲ್ಲಿ ಗಾಡಿ ನಿಲ್ಲಿಸಬೇಕು. ಅಲ್ಲಿಂದ ಮುಂದೆ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಅರಣ್ಯ ಇಲಾಖೆಯವರು ಗಾಡಿಯ ನಂಬರು, ಬಂದ ಹೊತ್ತು ಬರೆದುಕೊಂಡು ಗೇಟು ಎತ್ತುತ್ತಾರೆ. ಧರ್ಮಸ್ಥಳದ ಯಾತ್ರಿಕರು ಹೋಗುವುದು ಇದೇ ದಾರಿಯಲ್ಲಿ, ಮಣಿಪಾಲದ ಆಸ್ಪತ್ರೆಗೆ ರೋಗಿಯನ್ನು ಮಲಗಿಸಿಕೊಂಡು ಹೊರಟ ಜೀಪೂ ಇದೇ ದಾರಿಯಲ್ಲಿ. ಯಾರು ಬಂದರು, ಎಷ್ಟು ಹೊತ್ತಿಗೆ ಬಂದರು ಎಂಬುದೆಲ್ಲ ಗೇಟಿನ ಪುಸ್ತಕದಲ್ಲಿ ದಾಖಲಾಗುತ್ತದೆ. ನಿಲ್ಲಿಸಿದವರು ಹೇಗೆ ನಡೆದುಕೊಂಡರು ಎಂದು ಬರೆಯುವ ಪುಸ್ತಕ ಮಾತ್ರ ಯಾವ ಕಾಲಕ್ಕೂ ಅಲ್ಲಿರಲಿಲ್ಲ.

2014ರ ಏಪ್ರಿಲ್ 19ರ ಬೆಳಗಿನ ಜಾವ ಇದೇ ಚೆಕ್‌ಪೋಸ್ಟಿನಲ್ಲಿ ನಕ್ಸಲ್ ನಿಗ್ರಹ ದಳದ (ಎಎನ್‌ಎಫ್) ಪೇದೆಯೊಬ್ಬರ ಗುಂಡಿಗೆ ಮಂಗಳೂರು ಬಳಿಯ ಜೋಕಟ್ಟೆಯ ಯುವಕನೊಬ್ಬ ಸತ್ತ. ದನ ಸಾಗಿಸುತ್ತಿದ್ದ ಗಾಡಿಯಲ್ಲಿ ಬಂದವನು ಆತ. ಗಾಡಿಯಲ್ಲಿದ್ದವರನ್ನು ನಕ್ಸಲರೆಂದು ಭಾವಿಸಿ ಗುಂಡು ಹಾರಿಸಲಾಯಿತು ಎಂಬ ವಿವರಣೆ ಬಂತು. ತನಿಖೆ ಸಿಐಡಿಗೆ ಹೋಯಿತು. ಊರೂರಲ್ಲಿ ಎರಡು ಬಣಗಳಾದವು. ಒಂದು ಬಣಕ್ಕೆ ದನದ ಚರ್ಚೆ ಸಾಕಿತ್ತು, ಇನ್ನೊಂದು ಬಣ ಸತ್ತವನ ಪರವಾಗಿ ಬೀದಿಗಿಳಿಯಿತು. ಈ ಗದ್ದಲದಲ್ಲಿ ಸಣ್ಣ ಪ್ರಶ್ನೆಗಳು ಕೊಚ್ಚಿಹೋದವು. ಅರಣ್ಯ ಇಲಾಖೆಯ ಗೇಟಿನಲ್ಲಿ ಬಂದೂಕು ಹಿಡಿದ ಪೊಲೀಸರು ಯಾವ ನಿಯಮದ ಮೇಲೆ ನಿಂತಿದ್ದರು? ನಿಲ್ಲದ ಗಾಡಿಗೆ ಮೊದಲು ಏನು ಮಾಡಬೇಕು ಎಂಬ ಆದೇಶ ಅವರ ಕೈಯಲ್ಲಿತ್ತೇ? ಹಿಂದಿನ ತಿಂಗಳು, ಹಿಂದಿನ ವರ್ಷ ಅದೇ ಜಾಗದಲ್ಲಿ ಏನೇನು ನಡೆದಿತ್ತು?

ಕೊನೆಯ ಪ್ರಶ್ನೆಗೆ ಉತ್ತರಿಸಬಲ್ಲ ದಾಖಲೆ ಯಾರ ಬಳಿಯೂ ಇರಲಿಲ್ಲ. ಈ ಸಂಚಿಕೆಯ ಮಾತು ಅದರ ಬಗ್ಗೆ.

ಇಂಥ ದಾಖಲೆಯನ್ನೇ ಕೆಲಸವಾಗಿ ಹಚ್ಚಿಕೊಂಡವರು ಪ್ರಪಂಚದಲ್ಲಿದ್ದಾರೆ. 2001ರ ಆರಂಭದಲ್ಲಿ ಇಸ್ರೇಲಿನ ಕೆಲವು ಹೆಂಗಸರು ‘ಮಕ್ಸೋಮ್ ವಾಚ್’ ಎಂಬ ಗುಂಪು ಕಟ್ಟಿದರು. ಪಶ್ಚಿಮ ದಂಡೆಯ ಪ್ಯಾಲೆಸ್ಟೀನ್ ಊರುಗಳ ನಡುವೆ ತಮ್ಮದೇ ದೇಶದ ಸೈನ್ಯ ಹಾಕಿದ ತಪಾಸಣಾ ಠಾಣೆಗಳಿಗೆ ಹೋಗಿ ನಿಲ್ಲುವುದು, ಕಂಡದ್ದನ್ನು ಬರೆಯುವುದು, ಬರೆದದ್ದನ್ನು ಪ್ರಕಟಿಸುವುದು ಇವರ ಕೆಲಸ. ಗುಂಪಿನಲ್ಲಿ ಹೆಂಗಸರಷ್ಟೇ, ಅದರಲ್ಲೂ ಹೆಚ್ಚಿನವರು ನಡುವಯಸ್ಸು ದಾಟಿದವರು. ಕಲಂದಿಯಾ, ಹುವ್ವಾರಾದಂಥ ಠಾಣೆಗಳಲ್ಲಿ ಬೆಳಗಿನ ಪಾಳಿ, ಸಂಜೆಯ ಪಾಳಿ. ಗೇಟು ತೆರೆದದ್ದು ಎಷ್ಟು ಹೊತ್ತಿಗೆ, ಸಾಲಿನಲ್ಲಿ ಎಷ್ಟು ಜನ, ಪರವಾನಗಿ ಇದ್ದೂ ಯಾರನ್ನು ವಾಪಸು ಕಳಿಸಿದರು, ಏನು ಕಾರಣ ಕೊಟ್ಟರು ಎಂಬುದನ್ನೆಲ್ಲ ಟಿಪ್ಪಣಿ ಮಾಡಿಕೊಂಡರು. ಮರುವರ್ಷ, 2002ರಲ್ಲಿ, ವಿಶ್ವ ಚರ್ಚುಗಳ ಮಂಡಳಿಯೂ ಬೇರೆಬೇರೆ ದೇಶಗಳ ಸ್ವಯಂಸೇವಕರನ್ನು ಮೂರು ಮೂರು ತಿಂಗಳ ಮಟ್ಟಿಗೆ ಅಲ್ಲಿಗೆ ಕಳಿಸುವ ಕಾರ್ಯಕ್ರಮ ಶುರುಮಾಡಿತು. ಶಾಲೆಗೆ ಹೋಗುವ ಮಕ್ಕಳ ಜೊತೆ ನಡೆಯುವುದು, ಆಲಿವ್ ಕೊಯ್ಲಿನ ಹೊತ್ತಿಗೆ ತೋಟದಲ್ಲಿರುವುದು ಇವರ ದಿನಚರಿ.

ಇವರನ್ನು ಬೈದವರು ಎರಡೂ ಕಡೆ ಇದ್ದರು. ಸೈನಿಕರ ಕೆಲಸಕ್ಕೆ ಅಡ್ಡಬರುವ ಮುದುಕಿಯರು ಎಂದವರು ಒಂದು ಕಡೆ. ನೀವು ನಿಂತು ನೋಡುವುದರಿಂದ ಆ ಠಾಣೆಗಳಿಗೇ ಒಂದು ಮರ್ಯಾದೆ ಬಂತು ಎಂದವರು ಇನ್ನೊಂದು ಕಡೆ. ಗುಂಪಿನ ಒಳಗೂ ತಕರಾರು: ನಮ್ಮ ಕೆಲಸ ಬರೆಯುವುದು ಮಾತ್ರವೋ, ಪರವಾನಗಿ ಸಿಗದವನ ಅರ್ಜಿ ಹಿಡಿದು ಕಚೇರಿ ಅಲೆಯುವುದೂ ಹೌದೋ? ತಕರಾರು ಬಗೆಹರಿಯುವ ತನಕ ಅವರು ಕಾಯಲಿಲ್ಲ. ಎರಡನ್ನೂ ಮಾಡಿದರು.

ಮಲೆನಾಡು ಪಶ್ಚಿಮ ದಂಡೆಯಲ್ಲ. ಇಲ್ಲಿ ಪರದೇಶದ ಸೈನ್ಯವಿರಲಿಲ್ಲ. ಇದ್ದದ್ದು ಕರ್ನಾಟಕದ ಪೊಲೀಸರು, ಅದರಲ್ಲಿ ಎಷ್ಟೋ ಮಂದಿ ಬಯಲುಸೀಮೆಯ ರೈತರ ಮಕ್ಕಳು, ಜಿಗಣೆ ಕಚ್ಚಿಸಿಕೊಂಡು ಮಳೆಯಲ್ಲಿ ನೆಂದವರು. ಈಶಾನ್ಯದಲ್ಲಿ, ಕಾಶ್ಮೀರದಲ್ಲಿ ಇರುವ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯೂ ಇಲ್ಲಿ ಇರಲಿಲ್ಲ. ಓಟು, ಕೋರ್ಟು, ಪಂಚಾಯಿತಿ ಎಲ್ಲವೂ ನಡೆದವು. ಆದರೂ ಕೊಪ್ಪ, ಶೃಂಗೇರಿ ಸೀಮೆಯ ಕಾಡಂಚಿನ ಮನೆಗಳು ಎರಡು ದಶಕ ಬಂದೂಕಿನ ನಡುವೆ ಬದುಕಿದವು. ಆ ಬದುಕಿನ ವಿವರ ಹೇಳುವುದಕ್ಕೆ ‘ಆಕ್ರಮಣ’ ಎಂಬ ಪದ ಬೇಕಾಗಿಲ್ಲ.

ಬೀಜ ಇದ್ದದ್ದು ಭೂಮಿಯಲ್ಲಿ. ಕುದುರೆಮುಖವನ್ನು ರಾಷ್ಟ್ರೀಯ ಉದ್ಯಾನ ಮಾಡುವ ಉದ್ದೇಶ 1987ರಲ್ಲಿ ಪ್ರಕಟವಾಯಿತು, ಅಂತಿಮ ಅಧಿಸೂಚನೆ 2001ರಲ್ಲಿ ಬಂತು. ಒಳಗಿದ್ದ ಗೌಡ್ಲು, ಮಲೆಕುಡಿಯ ಕುಟುಂಬಗಳಿಗೆ ಒಕ್ಕಲೆಬ್ಬಿಸುತ್ತಾರೆಂಬ ಭಯ ಶುರುವಾದ ಹೊತ್ತಿಗೇ ಕಾಡಿನಲ್ಲಿ ಮಾವೋವಾದಿಗಳ ಓಡಾಟವೂ ಬೇರು ಬಿಟ್ಟಿತು. 2003ರ ನವೆಂಬರಿನಲ್ಲಿ ಕಾರ್ಕಳ ತಾಲ್ಲೂಕಿನ ಈದುವಿನಲ್ಲಿ ಹಾಜಿಮಾ, ಪಾರ್ವತಿ ಎಂಬ ಇಬ್ಬರು ಹೆಣ್ಣುಮಕ್ಕಳು ಪೊಲೀಸರ ಗುಂಡಿಗೆ ಸತ್ತರು. 2005ರ ಫೆಬ್ರುವರಿ 6ರಂದು ಬಲಿಗೆಯ ಕಾಡಿನಲ್ಲಿ ಮಾವೋವಾದಿ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಸತ್ತರು. ವಾರ ಕಳೆಯುವುದರೊಳಗೆ ಪಾವಗಡದ ವೆಂಕಟಮ್ಮನಹಳ್ಳಿಯ ಪೊಲೀಸ್ ಶಿಬಿರದ ಮೇಲೆ ದಾಳಿ ನಡೆದು ಪೊಲೀಸರ ಹೆಣಗಳು ಬಿದ್ದವು. 2007ರ ಜುಲೈ 10ರಂದು ಕೊಪ್ಪ ತಾಲ್ಲೂಕಿನ ಮೆಣಸಿನಹಾಡ್ಯದಲ್ಲಿ ಸತ್ತ ಐವರಲ್ಲಿ ಆ ಊರಿನ ಗಂಡ ಹೆಂಡತಿಯೂ ಇದ್ದರು. 2008ರ ನವೆಂಬರಿನಲ್ಲಿ ಹೊರನಾಡಿನ ಬಳಿ ಮೂವರು ನಕ್ಸಲರ ಜೊತೆ ಪೇದೆಯೊಬ್ಬರೂ ಸತ್ತರು. ಮಾಹಿತಿದಾರರೆಂಬ ಹಣೆಪಟ್ಟಿ ಹಚ್ಚಿ ನಕ್ಸಲರು ಕೊಂದ ಹಳ್ಳಿಗರೂ ಇದ್ದಾರೆ. ಅವರಿಗಾಗಿ ಸತ್ಯಶೋಧನೆಗೆ ಬಂದವರು ಕಡಿಮೆ, ಇದನ್ನೂ ಹೇಳಬೇಕು.

ಇವೆಲ್ಲ ಪತ್ರಿಕೆಗೆ ಬಂದ ದಿನಗಳು. ಬಾರದ ದಿನಗಳೇ ಹೆಚ್ಚು.

ಹಾಡ್ಯದ ಆಚೆ, ಕಾಲುಸಂಕ ದಾಟಿ ಹೋಗಬೇಕಾದ ಒಂಟಿ ಮನೆಯನ್ನು ನೆನೆಸಿಕೊಳ್ಳಿ. ರಾತ್ರಿ ನಾಲ್ಕೈದು ಜನ ಬಂದು ಬಾಗಿಲು ತಟ್ಟುತ್ತಾರೆ. ಕೈಯಲ್ಲಿ ಬಂದೂಕು ಇದೆ, ಮಾತು ಮೆದು. ಊಟ ಕೇಳುತ್ತಾರೆ. ಇಲ್ಲ ಎನ್ನುವುದಕ್ಕೆ ಆಗುವುದಿಲ್ಲ. ಹಸಿದು ಬಂದವರಿಗೆ ಇಲ್ಲ ಎನ್ನುವ ರೂಢಿಯೂ ಆ ಮನೆಗಳಲ್ಲಿಲ್ಲ. ಬೆಳಿಗ್ಗೆ ಎಎನ್‌ಎಫ್‌ನವರು ಕೂಂಬಿಂಗಿಗೆ ಬರುತ್ತಾರೆ. ಅಂಗಳದ ಕೆಸರಿನಲ್ಲಿ ಹೆಜ್ಜೆ ಗುರುತಿದೆ. “ನಿನ್ನೆ ಯಾರಮ್ಮಾ ಬಂದಿದ್ದು? ಎಷ್ಟು ಜನಕ್ಕೆ ಅಕ್ಕಿ ಹಾಕಿದ್ರಿ?” ಬಂದಿದ್ದರು ಎಂದರೆ ಠಾಣೆಗೆ ಅಲೆದಾಟ, ಜೊತೆಗೆ ರಾತ್ರಿ ಬಂದವರ ಕಣ್ಣಲ್ಲಿ ಮಾಹಿತಿದಾರರ ಪಟ್ಟ. ಬಂದಿಲ್ಲ ಎಂದರೆ ಸುಳ್ಳು ಹೇಳಿದ ಅಪರಾಧ. ಪೇಟೆಯಲ್ಲಿ ಒಂದು ಮೂಟೆ ಅಕ್ಕಿ ಹೆಚ್ಚಿಗೆ ತಂದರೂ ಯಾರಿಗೆ ಎಂಬ ಪ್ರಶ್ನೆ ಏಳುವ ಕಾಲ ಅದು. ಮದುವೆಗೆ, ತಿಥಿಗೆ ದಿನಸಿ ತರುವಾಗಲೂ ಎಚ್ಚರ ಬೇಕಾಗಿತ್ತು.

ಈ ವಿವರಗಳು ಮಲೆನಾಡಿನಲ್ಲಿ ಬಾಯಿಮಾತಿನಲ್ಲಿ ಎಲ್ಲರಿಗೂ ಗೊತ್ತು. ಬರಹದಲ್ಲಿ ಎಲ್ಲಿವೆ?

ಕರ್ನಾಟಕದಲ್ಲಿ ನಾಗರಿಕರು ಸುಮ್ಮನಿದ್ದರು ಎನ್ನುವುದು ಅನ್ಯಾಯ. ಗುಂಡಿನ ಚಕಮಕಿಗಳ ನಂತರ ಪಿಯುಸಿಎಲ್, ಪೀಪಲ್ಸ್ ಡೆಮಾಕ್ರಟಿಕ್ ಫೋರಂನಂಥ ನಾಗರಿಕ ಹಕ್ಕು ಸಂಘಟನೆಗಳವರು ಕಾಡು ಹತ್ತಿದ್ದಾರೆ. ಉಡುಪಿಯ ವಿಮರ್ಶಕ ಜಿ. ರಾಜಶೇಖರ್ 2022ರಲ್ಲಿ ತೀರಿಕೊಳ್ಳುವವರೆಗೆ ಕರಾವಳಿಯ ಕೋಮು ಹಿಂಸೆಯ ಜಾಗಗಳಿಗೆ ತಾವೇ ಹೋಗಿ, ಕೇಳಿ, ಬರೆದವರು. ಸಾಹಿತ್ಯ ವಿಮರ್ಶೆ ಬರೆಯುವ ಕೈಗೂ ಈ ಕೆಲಸ ಸೇರಿದ್ದು ಎಂದು ತೋರಿಸಿದವರು. ನೆರೆಯ ಆಂಧ್ರದಲ್ಲಿ ನಿವೃತ್ತ ಐಎಎಸ್ ಅಧಿಕಾರಿ ಎಸ್.ಆರ್. ಶಂಕರನ್ ಮುಂದಾಳತ್ವದ ನಾಗರಿಕರ ಸಮಿತಿ 1997ರಿಂದ ಹಳ್ಳಿ ಸುತ್ತಿ ಪೊಲೀಸರನ್ನೂ ನಕ್ಸಲರನ್ನೂ ಒಂದೇ ತಕ್ಕಡಿಯಲ್ಲಿಟ್ಟು ಪ್ರಶ್ನಿಸಿತು. 2004ರ ಶಾಂತಿ ಮಾತುಕತೆಗೆ ನೆಲ ಹದ ಮಾಡಿದವರಲ್ಲಿ ಅವರೂ ಇದ್ದರು. ಇಲ್ಲಿ ಎಚ್.ಎಸ್. ದೊರೆಸ್ವಾಮಿ, ಎ.ಕೆ. ಸುಬ್ಬಯ್ಯ, ಗೌರಿ ಲಂಕೇಶ್ ಮೊದಲಾದವರು ನಡುವೆ ನಿಂತದ್ದರಿಂದ 2014ರ ಡಿಸೆಂಬರ್ 8ರಂದು ನಕ್ಸಲ್ ಮುಖಂಡರಾಗಿದ್ದ ಸಿರಿಮನೆ ನಾಗರಾಜ್ ಮತ್ತು ನೂರ್ ಶ್ರೀಧರ್ ಚಿಕ್ಕಮಗಳೂರಿನಲ್ಲಿ ಮುಖ್ಯವಾಹಿನಿಗೆ ಬಂದರು.

ಆದರೆ ಸತ್ಯಶೋಧನೆಯ ತಂಡ ಬರುವುದು ಹೆಣ ಬಿದ್ದ ಮೇಲೆ. ಒಂದು ದಿನ, ಹೆಚ್ಚೆಂದರೆ ಎರಡು ದಿನ ಇದ್ದು, ಹೇಳಿಕೆ ಪಡೆದು, ವರದಿ ಬರೆದು ಹಿಂತಿರುಗುತ್ತದೆ. ಅದು ಹೋದ ಮೇಲೆ ಮಾತಾಡಿದವನ ಪಾಡು ಏನಾಯಿತು ಎಂದು ನೋಡುವವರಿಲ್ಲ. ಏನೂ ನಡೆಯದ ಮಂಗಳವಾರ ಚೆಕ್‌ಪೋಸ್ಟಿನ ಬಳಿ ನಿಂತು, ಏನೂ ನಡೆಯಲಿಲ್ಲ ಎಂದು ಬರೆದುಕೊಳ್ಳುವವರು ಬೇರೆ ಜಾತಿಯವರು. ಅವರ ಕೆಲಸ ಬೇಸರದ್ದು, ಹೆಸರು ತರುವಂಥದ್ದಲ್ಲ. ಏನೂ ನಡೆಯದ ದಿನಗಳ ಲೆಕ್ಕ ಇದ್ದರೆ ಮಾತ್ರ ನಡೆದ ದಿನ ಅದು ಆಕಸ್ಮಿಕವೋ ರೂಢಿಯೋ ಎಂದು ಹೇಳಲಾಗುತ್ತದೆ. 2014ರಲ್ಲಿ ತನಿಕೋಡಿನ ಬಗ್ಗೆ ಯಾರಿಗೂ ಹಾಗೆ ಹೇಳಲಾಗಲಿಲ್ಲ.

ಲೆಕ್ಕ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಮಣಿಪುರ ಇದೆ. ಗಂಡನನ್ನು, ಮಗನನ್ನು ಕಳಕೊಂಡ ಕುಟುಂಬಗಳು ಮಾನವ ಹಕ್ಕು ಕಾರ್ಯಕರ್ತರ ಜೊತೆ ಸೇರಿ ಕಾನೂನುಬಾಹಿರ ಎನ್ನಲಾದ 1,528 ಹತ್ಯೆಗಳ ಪಟ್ಟಿ ಮಾಡಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವು. ಗಲಭೆಪೀಡಿತ ಪ್ರದೇಶವೆಂದ ಮಾತ್ರಕ್ಕೆ ಮಿತಿಮೀರಿದ ಬಲಪ್ರಯೋಗಕ್ಕೆ ರಿಯಾಯಿತಿ ಇಲ್ಲ ಎಂದು ಕೋರ್ಟು 2016ರಲ್ಲಿ ಹೇಳಿತು, 2017ರಲ್ಲಿ ಸಿಬಿಐ ತನಿಖೆಗೆ ಆದೇಶಿಸಿತು. ಎಲ್ಲರಿಗೂ ನ್ಯಾಯ ಸಿಕ್ಕಿತೆಂದಲ್ಲ. ಪಟ್ಟಿಯೇ ಇಲ್ಲದಿದ್ದರೆ ಅಷ್ಟೂ ಆಗುತ್ತಿರಲಿಲ್ಲ.

ಗುಂಡು ಹಾರದ ಪ್ರಕರಣಗಳೂ ಇವೆ. ಬೆಳ್ತಂಗಡಿ ತಾಲ್ಲೂಕಿನ ಕುತ್ಲೂರಿನ ವಿಠಲ ಮಲೆಕುಡಿಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದಾಗ, 2012ರ ಮಾರ್ಚಿನಲ್ಲಿ, ನಕ್ಸಲ್ ನಂಟಿನ ಆರೋಪದ ಮೇಲೆ ತಂದೆಯ ಜೊತೆ ಬಂಧಿತರಾದರು. ವಶಪಡಿಸಿಕೊಂಡ ಸಾಕ್ಷ್ಯಗಳಲ್ಲಿ ಭಗತ್ ಸಿಂಗ್ ಕುರಿತ ಪುಸ್ತಕವೂ ಪತ್ರಿಕೆಗಳ ತುಣುಕುಗಳೂ ಇದ್ದವು. ಇಬ್ಬರೂ ನಿರ್ದೋಷಿಗಳೆಂದು ನ್ಯಾಯಾಲಯ ಹೇಳಿದ್ದು 2021ರ ಅಕ್ಟೋಬರಿನಲ್ಲಿ. ಒಂಬತ್ತೂವರೆ ವರ್ಷ ಕಳೆದಿತ್ತು. ವಿಠಲ ಪತ್ರಕರ್ತರಾದದ್ದರಿಂದ ಇದು ಸುದ್ದಿಯಾಯಿತು. ಓದು ಬರಹ ಬಾರದ ಮನೆಗಳಲ್ಲಿ ಕೋರ್ಟಿನ ತಾರೀಖಿಗೆ ಅಲೆದ ಬಸ್ ಚಾರ್ಜನ್ನು ಯಾರೂ ಕೂಡಿಲ್ಲ.

ಈಗ ಕಾಲ ಬದಲಾಗಿದೆ. 2024ರ ನವೆಂಬರ್ 18ರಂದು ಹೆಬ್ರಿ ತಾಲ್ಲೂಕಿನ ಪೀತಬೈಲಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಸತ್ತರು. 2025ರ ಜನವರಿ 8ರಂದು ಮುಂಡಗಾರು ಲತಾ, ವನಜಾಕ್ಷಿ, ಸುಂದರಿ ಸೇರಿ ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಯ ಮುಂದೆ ಶರಣಾದರು. ಅವರ ಆಯುಧಗಳು ಆಮೇಲೆ ಕೊಪ್ಪ ತಾಲ್ಲೂಕಿನ ಕಾಡಿನಲ್ಲಿ ಸಿಕ್ಕವು. ಫೆಬ್ರುವರಿಯ ಮೊದಲೆರಡು ದಿನಗಳಲ್ಲಿ ಕೋಟೆಹೊಂಡ ರವಿ ಮತ್ತು ತೊಂಬಟ್ಟು ಲಕ್ಷ್ಮಿಯೂ ಶರಣಾದರು. ರಾಜ್ಯ ನಕ್ಸಲ್ ಮುಕ್ತ ಎಂದು ಸರ್ಕಾರ ಸಾರಿತು. ಅದೇ ವರ್ಷ ಕರಾವಳಿಯ ಕೋಮು ಹಿಂಸೆ ಹತ್ತಿಕ್ಕಲೆಂದು ಕಟ್ಟಿದ ವಿಶೇಷ ಪಡೆಗೆ ನಿಗ್ರಹ ದಳದ ಸಿಬ್ಬಂದಿಯನ್ನೇ ತೆಗೆದುಕೊಂಡರು. ಕಿಗ್ಗಾ ದಾಟಿ ಸಿರಿಮನೆ ಜಲಪಾತಕ್ಕೆ ಹೋಗುವ ಪ್ರವಾಸಿಗರಿಗೆ ಇದ್ಯಾವುದರ ಸುಳಿವೂ ಬೇಕಿಲ್ಲ, ಅವರು ಬಂದದ್ದು ನೀರಿಗೆ. ಊರಿನವರೂ ಹಳೆಯದನ್ನು ಕೆದಕುವುದು ಬೇಡ ಎನ್ನುತ್ತಾರೆ. ಎರಡೂ ಕಡೆಯಿಂದ ಹೊಡೆತ ತಿಂದವರಿಗೆ ಹಾಗೆನ್ನುವ ಹಕ್ಕಿದೆ.

ಅಂಥವರನ್ನು ಬಲವಂತ ಮಾಡುವುದಲ್ಲ. ಮಾತಾಡಲು ಮನಸ್ಸಿರುವವರೂ ಇದ್ದಾರೆ, ಅವರಿಗೆ ವಯಸ್ಸಾಗುತ್ತಿದೆ. ಸಾಹಿತ್ಯ ಪತ್ರಿಕೆಗಳ ಪಾಲಿನ ಉದಾಸೀನವೂ ಇಲ್ಲಿ ಕಡಿಮೆಯಿಲ್ಲ. ಮಲೆನಾಡಿನ ಮಳೆ, ಹಕ್ಕಿ, ಶಿಕಾರಿ, ಕಾಫಿ, ಜಾತಿ ಎಲ್ಲ ಕನ್ನಡ ಗದ್ಯಕ್ಕೆ ಸಮೃದ್ಧವಾಗಿ ಬಂದಿವೆ. ರಾತ್ರಿ ಒಂಬತ್ತಕ್ಕೆ ಟಾರ್ಚ್ ಬೆಳಕು ಮುಖಕ್ಕೆ ಬಿಟ್ಟು ಗುರುತಿನ ಚೀಟಿ ಕೇಳುವ ಚೆಕ್‌ಪೋಸ್ಟು ಅಷ್ಟಾಗಿ ಬಂದಿಲ್ಲ. ನಕ್ಸಲ್ ನಾಯಕರ ಬಗ್ಗೆ ಬರೆದಷ್ಟು ಅವರಿಗೆ ಅನ್ನ ಬಡಿಸಿ ಸಿಕ್ಕಿಬಿದ್ದವರ ಬಗ್ಗೆ ಬರೆದಿಲ್ಲ, ಶಿಬಿರದ ಗೋಡೆಯ ಒಳಗಿದ್ದ ಪೇದೆಯ ಬಗ್ಗೆಯಂತೂ ಇಲ್ಲವೇ ಇಲ್ಲ ಎನ್ನಬೇಕು.

ಮುಂದಿನ ಸಂಚಿಕೆಯಿಂದ ಈ ಪತ್ರಿಕೆ ಇದಕ್ಕೆಂದೇ ಕೆಲವು ಪುಟಗಳನ್ನು ತೆಗೆದಿಡುತ್ತದೆ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಓದುಗರು ಬರೆಯಬಹುದು: ಆ ದಾರಿಯಲ್ಲಿ ಬಸ್ಸು, ಜೀಪು ಓಡಿಸಿದವರು, ಕಾಡಂಚಿನ ಶಾಲೆಗೆ ನಡೆದು ಹೋದ ಮೇಷ್ಟ್ರುಗಳು, ಆಶಾ ಕಾರ್ಯಕರ್ತೆಯರು, ಅಂಚೆಯವರು, ಶಿಬಿರದಲ್ಲಿದ್ದು ನಿವೃತ್ತರಾದ ಪೊಲೀಸರು. ಬರೆಯಲು ಬಾರದವರು ಹೇಳಿದರೆ ಬರೆದುಕೊಳ್ಳಲು ಜನ ಬರುತ್ತಾರೆ. ಹೆಸರು ಬೇಡವೆಂದರೆ ಹಾಕುವುದಿಲ್ಲ. ನೆನಪಿನಲ್ಲಿರುವ ಇಸವಿ, ತಿಂಗಳು, ಜಾಗ, ಹೊತ್ತು ಮಾತ್ರ ತಪ್ಪದೆ ತಿಳಿಸಬೇಕು. ಅಭಿಪ್ರಾಯವನ್ನು ಬೇರೆ ಹಾಳೆಯಲ್ಲಿ ಬರೆದು ಕಳಿಸಿದರೆ ಅನುಕೂಲ.